ಅಪ್ಪ ತೀರಿಕೊಂಡ ಮೇಲೆ ಪಹಣಿ, ಎಫ್‌ಡಿ, ಸೊಸೈಟಿ ಸಾಲ: ಮೊದಲು ಯಾವುದನ್ನು ಹಿಡಿಯಬೇಕು?

ತೆಂಗಿನಗರಿ:

ಅಪ್ಪ (68) ಹೋಗಿ ಇವತ್ತಿಗೆ 17 ದಿನ. ಹೃದಯಾಘಾತ, ತುಮಕೂರಿನ ಖಾಸಗಿ ಆಸ್ಪತ್ರೆಯಲ್ಲಿ. ಊರು ತಿಪಟೂರು ತಾಲ್ಲೂಕಿನ ಹಳ್ಳಿ. ಉಯಿಲು ಬರೆದಿಲ್ಲ.

ಇರುವುದಿಷ್ಟು. 1994ರಲ್ಲಿ ಅಪ್ಪ ಕ್ರಯಕ್ಕೆ ತಗೊಂಡ 3 ಎಕರೆ 12 ಗುಂಟೆ ತೆಂಗಿನ ತೋಟ. ಗ್ರಾಮಠಾಣೆಯಲ್ಲಿ ಮನೆ. ಅಪ್ಪ-ಅಮ್ಮನ ಜಂಟಿ ಉಳಿತಾಯ ಖಾತೆ. ಅಪ್ಪನೊಬ್ಬರ ಹೆಸರಲ್ಲಿ 6,40,000 ರೂಪಾಯಿ ಎಫ್‌ಡಿ, ಅದಕ್ಕೆ ನಾಮಿನಿ ಇಲ್ಲ. ಒಂದು ಎಲ್‌ಐಸಿ ಪಾಲಿಸಿ, ನಾಮಿನಿ ಅಮ್ಮ. ಊರ ಸೊಸೈಟಿಯಲ್ಲಿ 2 ಲಕ್ಷ ಬೆಳೆಸಾಲ. ಒಂದು ಬೈಕು.

ಮನೆಯವರು: ಅಮ್ಮ, ಅಕ್ಕ (ಮದುವೆಯಾಗಿದೆ), ನಾನು. ತಮ್ಮ 36ನೇ ವಯಸ್ಸಿಗೆ ಹೋದ ವರ್ಷವೇ ತೀರಿಕೊಂಡ. ಅವನ ಹೆಂಡತಿ, 9 ವರ್ಷದ ಮಗ ಇದ್ದಾರೆ.

ತಾಲ್ಲೂಕು ಕಚೇರಿ ಹತ್ತಿರದ ಏಜೆಂಟೊಬ್ಬರು ಎಲ್ಲದಕ್ಕೂ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ಬೇಕು ಅಂತಾರೆ. ಹೌದಾ? ಅಕ್ಕ "ನನಗೇನೂ ಬೇಡ, ಓಡಾಡಿಸಬೇಡಿ" ಅಂತಾಳೆ. ವಂಶವೃಕ್ಷದಲ್ಲಿ ಅವಳ ಹೆಸರು ಬಿಟ್ಟರೆ ಕೆಲಸ ಬೇಗ ಆಗುತ್ತದೆಯಂತೆ, ಬಿಡಬಹುದಾ? ಇನ್ನೊಂದು: ತಿಥಿಯ ಬಾಕಿ ಕೊಡಬೇಕು, ಅಪ್ಪನ ಫೋನ್‌ಪೇ ಪಿನ್ ನನಗೆ ಗೊತ್ತು. ಅದರಲ್ಲಿ 40,000 ಕಳಿಸಿದರೆ ತೊಂದರೆಯೇ?

ಕಡತಕೋಣೆ:

ಮೊದಲು ಮರಣ ಪ್ರಮಾಣಪತ್ರ. ನಿಮಗೆ ಇನ್ನು ನಾಲ್ಕೇ ದಿನ ಉಳಿದಿದೆ, ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಡಿ. ಮರಣ ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿ, ಸ್ವಂತ ಊರಲ್ಲಲ್ಲ. ನಿಮ್ಮದು ತುಮಕೂರು. ಊರಿನ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಎಷ್ಟು ಹೊತ್ತು ಕೂತರೂ ಅವರು ಮಾಡಿಕೊಡಲಾರರು. ಆಸ್ಪತ್ರೆಯಲ್ಲಿ ಸತ್ತರೆ ವರದಿ ಕಳಿಸುವ ಹೊಣೆ ಆಸ್ಪತ್ರೆಯದು. ಕಳಿಸಿದ್ದಾರಾ, ಯಾವ ಹೆಸರಲ್ಲಿ ಕಳಿಸಿದ್ದಾರೆ ಅಂತ ನಾಳೆಯೇ ಅವರ ರೆಕಾರ್ಡ್ಸ್ ವಿಭಾಗದಲ್ಲಿ ಕೇಳಿ. 21 ದಿನದೊಳಗೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದ ಶುಲ್ಕ ಕಟ್ಟಿದರೆ ಆಯಿತು. ಅದು ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಇಲ್ಲಿ ಎಡವುವುದು ಹೆಸರಿನ ವಿಷಯಕ್ಕೆ. ದಾಖಲು ಮಾಡುವಾಗ ಆಂಬ್ಯುಲೆನ್ಸಿನಿಂದ ಇಳಿಸುತ್ತ ಯಾರೋ ಹೇಳಿದ ಹೆಸರೇ ಕೇಸ್ ಶೀಟಿಗೆ ಹೋಗಿರುತ್ತದೆ, ಅದೇ ಪ್ರಮಾಣಪತ್ರಕ್ಕೂ ಬರುತ್ತದೆ. ಪ್ರಿಂಟ್ ತೆಗೆಯುವ ಮೊದಲೇ ಅಪ್ಪನ ಆಧಾರ್ ಮತ್ತು ಪಹಣಿ ಕೈಯಲ್ಲಿ ಹಿಡಿದು ಹೆಸರು, ತಂದೆಯ ಹೆಸರು, ವಿಳಾಸ, ದಿನಾಂಕ ಒಂದೊಂದೇ ತಾಳೆ ನೋಡಿ. ಈಗ ತಿದ್ದುವುದು ಅರ್ಧ ಗಂಟೆಯ ಕೆಲಸ. ಆಮೇಲೆ ಅರ್ಧ ವರ್ಷ ಹಿಡಿದೀತು. ಹತ್ತು ಪ್ರತಿ ಇಟ್ಟುಕೊಳ್ಳಿ.

ಎರಡನೆಯದು ನಾಡಕಚೇರಿ. ಎರಡು ಅರ್ಜಿ ಹಾಕಿ: ವಂಶವೃಕ್ಷ ದೃಢೀಕರಣ ಪತ್ರ ಮತ್ತು ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ. ಎರಡೂ ಒಂದೇ ಅಂತ ಕೌಂಟರಲ್ಲೇ ಹೇಳುವವರಿದ್ದಾರೆ, ಒಂದೇ ಅಲ್ಲ. ವಂಶವೃಕ್ಷದಲ್ಲಿ ತೀರಿಕೊಂಡವರೂ ಇರುತ್ತಾರೆ, ಅಂದರೆ ನಿಮ್ಮ ತಮ್ಮ "ಮೃತ" ಎಂದು ಬಂದು ಅವನ ಕೆಳಗೆ ಹೆಂಡತಿ, ಮಗ ಬರುತ್ತಾರೆ. ಪಹಣಿಗೆ ಇದು ಬೇಕು. ಬ್ಯಾಂಕಿನವರು ಹೆಚ್ಚಾಗಿ ಎರಡನೆಯದನ್ನು ಕೇಳುತ್ತಾರೆ. ಅರ್ಜಿ ಕೊಟ್ಟಾಗ ಸಕಾಲ ರಸೀದಿ ಕೇಳಿ ಪಡೆಯಿರಿ, ಅದರ ಮೇಲಿನ ಜಿಎಸ್‌ಸಿ ಸಂಖ್ಯೆ ಇಲ್ಲದೆ ಮುಂದೆ ವಿಚಾರಿಸುವುದು ಕಷ್ಟ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದವರ ಹೇಳಿಕೆ ಪಡೆದು ಮಹಜರು ಮಾಡುತ್ತಾರೆ. ಆಮೇಲೆ ಕಡತ ರೆವಿನ್ಯೂ ಇನ್‌ಸ್ಪೆಕ್ಟರ್ ಹತ್ತಿರ ಹೋಗುತ್ತದೆ.

ಅಕ್ಕನ ಹೆಸರು ಬಿಡುವ ಮಾತು ಆಡಲೇಬೇಡಿ. ನೀವು ಕೊಡುವುದು ಪ್ರಮಾಣ ಮಾಡಿದ ಅಫಿಡವಿಟ್ಟು, ಸುಳ್ಳು ಬರೆದರೆ ಅದೇ ಒಂದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಅದರ ಮೇಲೆ ಆದ ಖಾತೆಯನ್ನು ನಾಳೆ ಅಕ್ಕನೋ ಅಕ್ಕನ ಮಕ್ಕಳೋ ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ ಹಾಕಿ ಕೆಡವಬಹುದು. "ಬೇಡ" ಅನ್ನುವವರನ್ನು ಸೇರಿಸಿಕೊಂಡೇ ಬಿಡುಗಡೆ ಮಾಡಿಸಬೇಕು, ಅಳಿಸಿ ಅಲ್ಲ. ಏಜೆಂಟರು "ಬೇಗ ಆಗುತ್ತದೆ" ಅನ್ನುವುದು ಅವರ ಕಮಿಷನ್ ಬೇಗ ಬರುತ್ತದೆ ಅನ್ನುವ ಅರ್ಥದಲ್ಲಿ.

ಮೂರನೆಯದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ನಾಡಕಚೇರಿಯ ಭೂಮಿ ಕೌಂಟರಿಗೆ ಅರ್ಜಿಯ ಜೊತೆ ಮರಣ ಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಪ್ರತಿ ಕೊಡಬೇಕು. ತಕರಾರಿಗೆ 30 ದಿನದ ನೋಟಿಸು ಅಂಟಿಸುತ್ತಾರೆ. ಯಾರೂ ಬರದಿದ್ದರೆ ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ಮಂಜೂರಾಗುತ್ತದೆ. ಬಂದರೆ ತಕರಾರು ಪ್ರಕರಣವಾಗಿ ತಹಶೀಲ್ದಾರರ ಮುಂದೆ ವಿಚಾರಣೆ. ಮಂಜೂರಾದ ಮೇಲೆ ಹೊಸ ಪಹಣಿ ತೆಗೆಸಿ ಮೂರು ಕಲಂ ನೋಡಿ: 9ರಲ್ಲಿ ಎಲ್ಲರ ಹೆಸರು ಜಂಟಿಯಾಗಿ ಬಂದಿದೆಯಾ, 10ರಲ್ಲಿ ಎಂ.ಆರ್. ಸಂಖ್ಯೆ ಇದೆಯಾ, 11ರಲ್ಲಿ ಸೊಸೈಟಿ ಸಾಲದ ಭೋಜಾ (ಜಮೀನಿನ ಮೇಲೆ ಸಾಲವಿದೆ ಎಂಬ ನಮೂದು) ಹಾಗೇ ಇದೆಯಾ. ಭೋಜಾ ಹೋಗಿದ್ದರೆ ಖುಷಿಪಡಬೇಡಿ. ಸಾಲ ತೀರದೆ ಅದು ಮಾಯವಾಗಿದ್ದರೆ ಮುಂದೆ ನಿಮಗೇ ತಲೆನೋವು.

ಪೌತಿ ಖಾತೆ ಅಂದರೆ ಭಾಗ ಅಲ್ಲ. ಯಾರ ಹೆಸರಲ್ಲಿ ಕಂದಾಯ ಅನ್ನುವುದಷ್ಟೇ. ಇಷ್ಟು ಗುಂಟೆ ಇವರಿಗೆ ಅಂತ ಆಗಬೇಕಾದರೆ 11ಇ ನಕ್ಷೆ (ಭಾಗ ಮಾಡುವ ಜಮೀನಿನ ಅಳತೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು. ಅದಕ್ಕೆ ಅವಸರವಿಲ್ಲ, ಪೌತಿಗೆ ಇದೆ. ಸತ್ತವರ ಹೆಸರಲ್ಲಿ ಪಹಣಿ ಉಳಿದಷ್ಟು ದಿನ ಹೊಸ ಬೆಳೆಸಾಲ, ಬೆಳೆ ವಿಮೆ, ಪರಿಹಾರ ಎಲ್ಲಕ್ಕೂ ತಡೆ.

ಮನೆಯದು ಪಂಚಾಯಿತಿ ಲೆಕ್ಕ. ಇದೇ ಕಾಗದಗಳ ಜೊತೆ ಕಂದಾಯ ಕಟ್ಟಿದ ರಸೀದಿ ಸೇರಿಸಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಡಿ, ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಹೆಸರು ಬದಲಾಗುತ್ತದೆ.

ಕೌಂಟರ್ ನಂಬರ್ 3:

ಫೋನ್‌ಪೇ ಮುಟ್ಟಬೇಡಿ ಸರ್. ಖಾತೆದಾರರು ತೀರಿಕೊಂಡ ಕ್ಷಣದಿಂದ ಅವರ ಪಿನ್, ಎಟಿಎಂ ಕಾರ್ಡು, ಸಹಿ ಮಾಡಿಟ್ಟ ಚೆಕ್ಕು ಯಾವುದಕ್ಕೂ ಬೆಲೆ ಇಲ್ಲ. ಮರಣ ಪತ್ರದ ದಿನಾಂಕದ ನಂತರ ಒಂದು ಡೆಬಿಟ್ ಕಂಡರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಮೊದಲು ಅದಕ್ಕೆ ವಿವರಣೆ, ಆಮೇಲೆ ಮುಂದಿನ ಮಾತು. ನಿಮ್ಮ ಮನೆಯಲ್ಲಿ ಅದು ಬೇಕಾಗಿಯೂ ಇಲ್ಲ. ಜಂಟಿ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ "ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು" ಎಂಬರ್ಥದಲ್ಲಿ "E or S" ಅಂತ ಇರುತ್ತದೆ. ಹಾಗಿದ್ದರೆ ಅಮ್ಮ ತಮ್ಮ ಆಧಾರ್ ಮತ್ತು ಮರಣ ಪತ್ರ ಕೊಟ್ಟು ಅಪ್ಪನ ಹೆಸರು ತೆಗೆಸಿ, ವಿತ್‌ಡ್ರಾಯಲ್ ಸ್ಲಿಪ್ಪಿನಲ್ಲೇ 40,000 ತೆಗೆಯಬಹುದು. ಹಾಗೆಯೇ ಆ ಖಾತೆಗೆ ಹೊಸ ನಾಮಿನೇಷನ್ ಕೂಡ ಅವತ್ತೇ ಬರೆಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಹೇಳಬಹುದು.

ಎಫ್‌ಡಿ ವಿಷಯ. ನಾಮಿನಿ ಇಲ್ಲ ಅಂದ ಕೂಡಲೇ ಕೋರ್ಟು ಅಂತ ಹೆದರಿಸುವುದು ಹಳೇ ರೂಢಿ. ಮೃತರ ಠೇವಣಿ ಬಗ್ಗೆ ಆರ್‌ಬಿಐ 2025ರ ಸೆಪ್ಟೆಂಬರಲ್ಲಿ ಹೊರಡಿಸಿದ ನಿರ್ದೇಶನವನ್ನು ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕು ಅಂತಿದೆ. ಅದರ ಪ್ರಕಾರ ವಾಣಿಜ್ಯ ಬ್ಯಾಂಕಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಲ್ಲಿ 5 ಲಕ್ಷದವರೆಗೆ ಸರಳ ವಿಧಾನ. ನಿಮ್ಮದು 6.4 ಲಕ್ಷ, ವಾಣಿಜ್ಯ ಬ್ಯಾಂಕಾದರೆ ಒಳಗೇ ಇದೆ. ಬೇಕಾಗುವುದು ಕ್ಲೇಮ್ ಫಾರಂ, ಮರಣ ಪತ್ರ, ಕ್ಲೇಮ್ ಮಾಡುವವರ ಗುರುತಿನ ಚೀಟಿ, ವಾರಸುದಾರರ ದೃಢೀಕರಣ, ಇಂಡೆಮ್ನಿಟಿ ಬಾಂಡ್ (ಮುಂದೆ ಬ್ಯಾಂಕಿಗೆ ನಷ್ಟವಾದರೆ ನಾವು ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ), ಮತ್ತು ಹಣ ಬೇಡ ಅನ್ನುವ ವಾರಸುದಾರರಿಂದ ಒಪ್ಪಿಗೆ ಪತ್ರ. ಈ ಮಿತಿಯೊಳಗೆ ಹೊರಗಿನವರ ಜಾಮೀನು ಕೇಳುವ ಹಾಗಿಲ್ಲ. ಎಲ್ಲ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು. ತಡ ಬ್ಯಾಂಕಿನದಾದರೆ ಆರ್‌ಬಿಐ ನಿಗದಿ ಮಾಡುವ ಬ್ಯಾಂಕ್ ದರದ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಅದಕ್ಕೇ ಕಾಗದ ಕೊಟ್ಟ ದಿನ ದಿನಾಂಕ, ಸೀಲು ಇರುವ ಸ್ವೀಕೃತಿ ಪಡೆಯಿರಿ. "ಇಟ್ಟು ಹೋಗಿ, ಫೋನ್ ಮಾಡ್ತೀವಿ" ಅಂದರೆ ಆ 15 ದಿನದ ಲೆಕ್ಕ ಶುರುವೇ ಆಗುವುದಿಲ್ಲ.

ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿದರೂ ಮರಣದ ಕ್ಲೇಮಿನಲ್ಲಿ ಸಾಮಾನ್ಯವಾಗಿ ದಂಡ ಹಾಕುವುದಿಲ್ಲ, ಕೇಳಿ ಬರೆಸಿಕೊಳ್ಳಿ.

ಅಪ್ಪ ಸೊಸೈಟಿಯಲ್ಲಿ ಪಿಗ್ಮಿಯನ್ನೋ ಠೇವಣಿಯನ್ನೋ ಇಟ್ಟಿದ್ದರೆ ಅದಕ್ಕೆ ಈ ನಿರ್ದೇಶನ ಅನ್ವಯಿಸುವುದಿಲ್ಲ. ಅಲ್ಲಿ ಸಂಘದ ಬೈಲಾ ನೋಡಬೇಕು.

ಎಲ್‌ಐಸಿ ಸುಲಭ. ಮೂಲ ಬಾಂಡು, 3783 ನಂಬರಿನ ಫಾರಂ, ಡಿಸ್ಚಾರ್ಜ್ ಫಾರಂ 3801, ಮರಣ ಪತ್ರ, ಅಮ್ಮನ ಪಾಸ್‌ಬುಕ್ ಪ್ರತಿ. ಪಾಲಿಸಿ ಶುರುವಾಗಿ ಮೂರು ವರ್ಷದೊಳಗೆ ಸಾವಾಗಿದ್ದರೆ ಮಾತ್ರ ವೈದ್ಯರ, ಆಸ್ಪತ್ರೆಯ ಪ್ರಮಾಣಪತ್ರ ಹೆಚ್ಚಿಗೆ ಕೇಳಿ ವಿಚಾರಣೆ ಮಾಡುತ್ತಾರೆ. ಕೊನೆಯ ಕಂತು ಕಟ್ಟಿರಲಿಲ್ಲ ಅಂತ ಕೈಬಿಡಬೇಡಿ. ವಾರ್ಷಿಕ, ಅರ್ಧವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ರಿಯಾಯಿತಿ ಅವಧಿ ಇದೆ. ಅದರೊಳಗೆ ಸಾವಾಗಿದ್ದರೆ ಆ ಕಂತು ಮುರಿದುಕೊಂಡು ಹಣ ಕೊಡುತ್ತಾರೆ.

ಕರಿಕೋಟು:

ಸಕ್ಸೆಷನ್ ಸರ್ಟಿಫಿಕೇಟ್ ಇರುವುದು ಸಾಲ-ಠೇವಣಿ-ಷೇರುಗಳಂಥ ಹಣದ ಬಾಬ್ತಿಗೆ. ಜಮೀನಿಗೂ ಮನೆಗೂ ಅದು ಸಂಬಂಧವೇ ಇಲ್ಲ. ಆದ್ದರಿಂದ "ಎಲ್ಲದಕ್ಕೂ ಬೇಕು" ಅಂದವರಿಗೆ ಅರ್ಧ ಗೊತ್ತು, ಇಲ್ಲವೇ ಪೂರ್ತಿ ಗೊತ್ತು. ನಿಮ್ಮ ಪಟ್ಟಿಯಲ್ಲಿ ಅದು ಬೇಕಾಗುವಂಥದ್ದು ಒಂದೂ ಕಾಣುತ್ತಿಲ್ಲ. ವಾರಸುದಾರರಲ್ಲಿ ಜಗಳ ಬಂದರೆ ಮಾತು ಬೇರೆ.

ಈಗ ಭಾಗ. ತೋಟ ಅಪ್ಪನೇ ಕೊಂಡದ್ದು, ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮೊದಲ ದರ್ಜೆ ವಾರಸುದಾರರಿಗೆ ಸಮಪಾಲು: ಅಮ್ಮನಿಗೆ ನಾಲ್ಕರಲ್ಲೊಂದು, ಅಕ್ಕನಿಗೆ ಒಂದು, ನಿಮಗೆ ಒಂದು, ತಮ್ಮನ ಶಾಖೆಗೆ ಒಂದು. ತಮ್ಮನ ಕಾಲುಭಾಗದಲ್ಲಿ ಹೆಂಡತಿಗೆ ಅರ್ಧ, ಮಗನಿಗೆ ಅರ್ಧ, ಅಂದರೆ ತಲಾ ಎಂಟನೇ ಒಂದು ಭಾಗ. 6,40,000ದಲ್ಲಿ ಅಮ್ಮ, ಅಕ್ಕ, ನೀವು ತಲಾ 1,60,000. ತಮ್ಮನ ಹೆಂಡತಿ 80,000, ಹುಡುಗ 80,000. ಅಕ್ಕನಿಗೆ ಮದುವೆ ಯಾವಾಗ ಆಯಿತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. (ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಲೆಕ್ಕ ಬೇರೆ. ಇದನ್ನು ಓದುವ ಬೇರೆಯವರು ಈ ಭಿನ್ನರಾಶಿಯನ್ನು ತಮ್ಮ ಜಮೀನಿಗೆ ಹಾಗೇ ಹಚ್ಚಬೇಡಿ.)

ಎಲ್‌ಐಸಿಗೆ ಒಂದು ಮಾತು ಸೇರಿಸುತ್ತೇನೆ. ನಾಮಿನಿ ಅಮ್ಮ ಆದ್ದರಿಂದ ಹಣ ಅವರ ಕೈಗೆ ಬರುತ್ತದೆ. ಹಾಗಂತ ಉಳಿದವರ ಹಕ್ಕು ಹೋಯಿತೆಂದಲ್ಲ. 2015ರ ವಿಮಾ ಕಾಯ್ದೆ ತಿದ್ದುಪಡಿಯಾದ ಮೇಲೂ, ವಾರಸುದಾರರು ಕೇಳಿದರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ ಅಂತ ಕರ್ನಾಟಕ ಹೈಕೋರ್ಟು 2025ರಲ್ಲಿ ಹೇಳಿದೆ.

ಅಕ್ಕನ ಪಾಲು. ಎರಡು ಬಗೆಯ ಆಸ್ತಿಗೆ ಎರಡು ಬಗೆಯ ಕಾಗದ. ಎಫ್‌ಡಿಗೆ ಬ್ಯಾಂಕಿನ ನಮೂನೆಯಲ್ಲಿ ಒಪ್ಪಿಗೆ ಪತ್ರ ಸಾಕು. ತೋಟ, ಮನೆಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ್ದು ನೋಂದಣಿಯಲ್ಲ, ಅದರಿಂದ ಸ್ಥಿರಾಸ್ತಿ ಹಕ್ಕು ಕೈ ಬದಲಾಗುವುದಿಲ್ಲ. ಖರ್ಚಿಗೆ ಹೆದರಬೇಕಿಲ್ಲ. ಕುಟುಂಬದವರ ನಡುವಿನ ಬಿಡುಗಡೆಗೆ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಶೇಕಡಾ ಲೆಕ್ಕದಲ್ಲಿ ಅಲ್ಲ, ನಿಗದಿ ಮೊತ್ತ. ಪತ್ರದಲ್ಲಿ ಯಾರ ಪರವಾಗಿ ಬಿಡುತ್ತಾರೆ ಅನ್ನುವುದನ್ನು ಹೆಸರು ಹಿಡಿದು ಬರೆಸಿ. ಸುಮ್ಮನೆ "ಬಿಟ್ಟುಕೊಟ್ಟಿದ್ದೇನೆ" ಅಂತ ಬರೆದರೆ ಆ ಪಾಲು ಉಳಿದ ಎಲ್ಲರಿಗೂ ಹಂಚಿ ಹೋಯಿತೆಂದು ಮುಂದೆ ವಾದವಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದೆ ಬಿಟ್ಟಿರುವ ಗಂಟು ಆ 9 ವರ್ಷದ ಹುಡುಗನದು. ತಮ್ಮನ ಹೆಂಡತಿ ತನ್ನ ಪಾಲನ್ನು ಬಿಡಬಹುದು, ಮಗನದನ್ನು ಬಿಡಲು ಬರುವುದಿಲ್ಲ. ಅಪ್ರಾಪ್ತರ ಸ್ಥಿರಾಸ್ತಿ ಪಾಲನ್ನು ಮಾರಲು, ಬಿಟ್ಟುಕೊಡಲು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಂತೆ ಕೋರ್ಟಿನ ಮುಂಚಿತ ಅನುಮತಿ ಬೇಕು, ತಾಯಿಯೇ ಪೋಷಕಳಾದರೂ. ಅನುಮತಿಯಿಲ್ಲದೆ ಮಾಡಿದ ಪತ್ರವನ್ನು ಹುಡುಗ 18 ತುಂಬಿದ ಮೇಲೆ ಮೂರು ವರ್ಷದೊಳಗೆ ರದ್ದು ಮಾಡಿಸಬಹುದು. ಅಂದರೆ ಇವತ್ತಿನಿಂದ 12 ವರ್ಷ ಆ ತೋಟವನ್ನು ಕೊಳ್ಳುವ ಬುದ್ಧಿವಂತ ಯಾರೂ ಸಿಗುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಕಿರಿಕಿರಿಯ ದಾರಿ: ಪೌತಿಯಲ್ಲಿ ಹುಡುಗನ ಹೆಸರನ್ನು "ಅಪ್ರಾಪ್ತ, ಪೋಷಕಿ ತಾಯಿ" ಅಂತ ಸೇರಿಸಿ, ಅವನ 80,000ವನ್ನು ಅವನ ಹೆಸರಲ್ಲೇ ಎಫ್‌ಡಿ ಮಾಡಿ, ಭಾಗದ ಮಾತನ್ನು ಅವನು ದೊಡ್ಡವನಾಗುವವರೆಗೆ ಎತ್ತಬೇಡಿ.

ತೆಂಗಿನಗರಿ:

ಎಲ್ಲರಿಗೂ ಧನ್ಯವಾದ. ಫೋನ್‌ಪೇ ಬಿಟ್ಟೆ. ಪಹಣಿ ತೆಗೆಸಿದೆ, ಅದರಲ್ಲಿ "ರಂಗಪ್ಪ ಬಿನ್ ಕರಿಯಪ್ಪ" ಅಂತಿದೆ, ಆಧಾರಲ್ಲಿ "ರಂಗಸ್ವಾಮಯ್ಯ ಕೆ". ಆಸ್ಪತ್ರೆ ವರದಿ ಆಧಾರ್ ಪ್ರಕಾರವೇ ಇದೆ. ಏನು ಮಾಡುವುದು? ಸೊಸೈಟಿ ಸಾಲ ಈಗಲೇ ಕಟ್ಟಬೇಕಾ, ಸತ್ತವರ ಸಾಲ ಮನ್ನಾ ಆಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ತಮ್ಮ ಪೀಣ್ಯದಲ್ಲಿ ಒಂದು ಕಂಪನಿಯಲ್ಲಿದ್ದ. ಅವನು ಹೋದಾಗ ಪಿಎಫ್ ಹಣ ಮಾತ್ರ ಬಂತು.

ಕಡತಕೋಣೆ:

ಹಳ್ಳಿಯ ಹತ್ತು ಕಡತದಲ್ಲಿ ಎಂಟರ ಕಥೆ ಇದೇ. ಮರಣ ಪತ್ರವನ್ನು ಆಧಾರ್ ಪ್ರಕಾರವೇ ಬಿಡಿ, ಬ್ಯಾಂಕಿಗೂ ಎಲ್‌ಐಸಿಗೂ ಅದು ಹೊಂದುತ್ತದೆ. ಪಹಣಿಗಾಗಿ "ರಂಗಪ್ಪ ಬಿನ್ ಕರಿಯಪ್ಪ ಹಾಗೂ ರಂಗಸ್ವಾಮಯ್ಯ ಕೆ. ಇಬ್ಬರೂ ಒಬ್ಬರೇ" ಎಂಬ ಅಫಿಡವಿಟ್ ಮಾಡಿಸಿ. ಅದೊಂದೇ ನಿಲ್ಲುವುದಿಲ್ಲ, ಎರಡೂ ಹೆಸರನ್ನು ಜೋಡಿಸುವ ಹಳೇ ಕಾಗದ ಹುಡುಕಿ. 1994ರ ಕ್ರಯಪತ್ರ, ಸೊಸೈಟಿಯ ಸದಸ್ಯತ್ವ ಪುಸ್ತಕ, ಶಾಲಾ ದಾಖಲೆ, ಮತದಾರರ ಪಟ್ಟಿ ಇವುಗಳಲ್ಲಿ ಒಂದಾದರೂ ಸಿಕ್ಕೀತು. ವಂಶವೃಕ್ಷದ ಅರ್ಜಿಯಲ್ಲೇ "ರಂಗಸ್ವಾಮಯ್ಯ ಉರುಫ್ ರಂಗಪ್ಪ" ಅಂತ ಬರೆಯಿರಿ. ಮಹಜರಿನಲ್ಲೂ ಅದೇ ಬರಲಿ. ಇದೊಂದು "ಉರುಫ್" ಪೌತಿ ಅರ್ಜಿ ತಿರಸ್ಕಾರವಾಗುವುದನ್ನು ಉಳಿಸುತ್ತದೆ.

ಸಾಲ ಮನ್ನಾ ಅನ್ನುವುದು ಕಟ್ಟೆ ಮಾತು. ಸಾವಿನಿಂದ ಸಾಲ ಹೋಗುವುದಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರು ತೀರಿಸಬೇಕು, ನಿಮ್ಮ ಸಂಬಳಕ್ಕೆ ಕೈ ಹಾಕುವ ಹಾಗಿಲ್ಲ. ಸೊಸೈಟಿಯ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಯದು, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿದ ದಿನ ಆ ರಿಯಾಯಿತಿ ಹೋಗಿ ಬಡ್ಡಿ ಬೀಳುತ್ತದೆ. ಕಾರ್ಯದರ್ಶಿ ಹತ್ತಿರ ಗಡುವಿನ ದಿನಾಂಕ ಕೇಳಿ, ಅಷ್ಟರೊಳಗೆ ಕಟ್ಟಿ, ರಸೀದಿಯ ಜೊತೆ ಋಣಮುಕ್ತ ಪತ್ರವನ್ನೂ ಪಡೆದು ಪಹಣಿಯ ಭೋಜಾ ತೆಗೆಸಿ. ಜೊತೆಗೆ ಅಪ್ಪ ಬೇರೆ ಯಾರ ಸಾಲಕ್ಕಾದರೂ ಜಾಮೀನು ಹಾಕಿದ್ದಾರಾ ಕೇಳಿ. ಮನೆಯವರಿಗೆ ಗೊತ್ತಿಲ್ಲದೆ ಉಳಿಯುವುದು ಅದೇ.

ಫಾರಂ 20:

ತಮ್ಮನ ಕಡೆ ನೋಡಿ, ಅಲ್ಲಿ ಅಪ್ಪನ ಎಫ್‌ಡಿಗಿಂತ ದೊಡ್ಡ ಮೊತ್ತ ಬಿದ್ದಿರಬಹುದು. ಪಿಎಫ್ ಮಾತ್ರ ಬಂತು ಅಂದರೆ ಫಾರಂ 20 ಮಾತ್ರ ಹಾಕಿದ್ದಾರೆ. ಇನ್ನೆರಡು ಇವೆ.

ಫಾರಂ 5ಐಎಫ್: ಕೆಲಸದಲ್ಲಿದ್ದಾಗಲೇ ಸತ್ತರೆ ಇಡಿಎಲ್‌ಐ ವಿಮೆ, ಗರಿಷ್ಠ 7 ಲಕ್ಷ. ಸತ್ತದ್ದಕ್ಕೆ ಕಾರಣ ಏನಾದರೂ ಸರಿ, ನೌಕರ ಇದಕ್ಕೆ ಒಂದು ಪೈಸೆಯೂ ಕಟ್ಟಿರುವುದಿಲ್ಲ, ಕಂಪನಿ ಕಟ್ಟಿರುತ್ತದೆ. ಆದ್ದರಿಂದಲೇ ಸಂಬಳ ಚೀಟಿಯಲ್ಲಿ ಕಾಣುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ.

ಫಾರಂ 10ಡಿ: ಹೆಂಡತಿಗೆ ತಿಂಗಳ ಪಿಂಚಣಿ. ಒಂದೇ ತಿಂಗಳ ವಂತಿಗೆ ಬಿದ್ದಿದ್ದರೂ ಸಾಕು, ಕನಿಷ್ಠ 1,000 ರೂಪಾಯಿ. ಮಗನಿಗೆ ಅದರ ಕಾಲುಭಾಗ, 25 ವರ್ಷ ತುಂಬುವವರೆಗೆ. ತಡವಾಗಿ ಅರ್ಜಿ ಹಾಕಿದರೂ ಸತ್ತ ಮರುದಿನದಿಂದ ಲೆಕ್ಕ. ಕಂಪನಿಯ ಎಚ್‌ಆರ್ ಸಹಿ ಬೇಕು, ಅವರು ಹಿಂದೇಟು ಹಾಕಿದರೆ ಪಿಎಫ್ ಕಚೇರಿಗೇ ನೇರ ದೂರು ಕೊಡಿ.

ತಮ್ಮನ ಪಾಸ್‌ಬುಕ್ ಕೂಡ ತೆರೆಯಿರಿ. ಪ್ರತಿ ವರ್ಷ ಮೇ ಕೊನೆಗೆ ಅಥವಾ ಜೂನ್ ಮೊದಲಲ್ಲಿ 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷ. ಹಿಂದಿನ ಸಾಲುಗಳಲ್ಲಿ 330 ಅಂತ ಇದ್ದರೂ ಅದೇ, 2022ರ ಮೇ ಕೊನೆಯವರೆಗೆ ಕಂತು ಅಷ್ಟಿತ್ತು. 20 ರೂಪಾಯಿಯ ಕಡಿತ ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ. ತಡವಾಯಿತು ಅಂತ ಬಿಡಬೇಡಿ, ಖಾತೆ ಇದ್ದ ಶಾಖೆಯಲ್ಲೇ ಕ್ಲೇಮ್ ಫಾರಂ ಕೊಡಿ. ಅಪ್ಪನಿಗೆ 68, ಜೀವನ ಜ್ಯೋತಿ 55ಕ್ಕೇ ಮುಗಿಯುತ್ತದೆ, ಹೃದಯಾಘಾತಕ್ಕೆ ಸುರಕ್ಷಾ ಬಿಮಾ ಬರುವುದಿಲ್ಲ. ಅಲ್ಲಿ ಹುಡುಕಬೇಡಿ.

ಕೌಂಟರ್ ನಂಬರ್ 3:

ಉಳಿದ ಚಿಲ್ಲರೆ: ಅಪ್ಪನ ಸಿಮ್ ಈಗಲೇ ಮುಚ್ಚಿಸಬೇಡಿ, ಬ್ಯಾಂಕು, ವಿಮೆ, ಗ್ಯಾಸ್ ಕಂಪನಿಯ ಸಂದೇಶಗಳಿಂದಲೇ ಯಾವ ಖಾತೆ ಎಲ್ಲಿದೆ ಅಂತ ಗೊತ್ತಾಗುವುದು. ಮೂರು ತಿಂಗಳ ಮಟ್ಟಿಗೆ ಕಡಿಮೆ ರೀಚಾರ್ಜ್ ಹಾಕಿ ಚಾಲ್ತಿಯಲ್ಲಿಡಿ. ಪಿಎಂ ಕಿಸಾನ್ ಕಂತು ಸಾವಿನ ನಂತರ ಬಂದರೆ ಖರ್ಚು ಮಾಡಬೇಡಿ, ವಾಪಸ್ ಕೇಳುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ. ಬೈಕಿನ ವಿಷಯ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಹಾಗೆಯೇ ವಿಮೆಯನ್ನೂ ಹೊಸ ಮಾಲೀಕರ ಹೆಸರಿಗೆ ಮಾಡಿಸಿ. ಅಲ್ಲಿಯವರೆಗೆ ಹಾಲಿನ ಡೇರಿಗೂ ಆ ಬೈಕಲ್ಲಿ ಹೋಗಬೇಡಿ.